ಡಿಸೆಂಬರ್‌ನಲ್ಲಿ ಒಮಾನ್: ಎಂಟು ರಾತ್ರಿ, ಜೊತೆಗೆ ಮಂಡಿನೋವಿನ ಅಮ್ಮ. ಈ ಪ್ಲ್ಯಾನ್ ಸರಿಯಿದೆಯಾ?

ತುಳಸಿಕಟ್ಟೆ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಒಮಾನ್‌ಗೆ ಹೋಗೋಣ ಅಂತ ಇದ್ದೇವೆ. ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗ, ಜೊತೆಗೆ ನಮ್ಮಮ್ಮ. ಅಮ್ಮನಿಗೆ ಅರವತ್ತೆಂಟು. ಸಮತಟ್ಟು ಜಾಗದಲ್ಲಿ ಅರ್ಧ ಗಂಟೆ ಆರಾಮಾಗಿ ನಡೆಯುತ್ತಾರೆ, ಮೆಟ್ಟಿಲು ಅಂದರೆ ಕಷ್ಟ. ನಾವೆಲ್ಲ ಸಸ್ಯಾಹಾರಿಗಳು, ಅಮ್ಮ ಮೊಟ್ಟೆ ಬಿದ್ದ ಕೇಕನ್ನೂ ಮುಟ್ಟೋದಿಲ್ಲ.

ಮಂಗಳವಾರ ಮಧ್ಯಾಹ್ನ ಮಸ್ಕತ್‌ನಲ್ಲಿ ಇಳಿದು ಮುಂದಿನ ಬುಧವಾರ ವಾಪಸ್. ಒಟ್ಟು ಎಂಟು ರಾತ್ರಿ. ಯಜಮಾನರು ಹಾಕಿರೋ ಪಟ್ಟಿ ಹೀಗಿದೆ: ಮಸ್ಕತ್, ಮುಸಂದಮ್‌ನಲ್ಲಿ ದೋಣಿ ವಿಹಾರ, ನಿಜ್ವಾ, ಜೆಬೆಲ್ ಅಖ್ದರ್, ಜೆಬೆಲ್ ಶಮ್ಸ್, ಮರುಭೂಮಿಯಲ್ಲಿ ಒಂದು ರಾತ್ರಿ, ಸೂರ್‌ನಲ್ಲಿ ಆಮೆ, ಕೊನೆಗೆ ಸಲಾಲಾ. ಸಲಾಲಾದ ಹಸಿರು ಬೆಟ್ಟ, ಜಲಪಾತದ ವಿಡಿಯೊ ನೋಡಿದಾಗಿನಿಂದ ಅವರಿಗೆ ಅದನ್ನು ಬಿಡೋಕೆ ಮನಸ್ಸಿಲ್ಲ. ಮಗನಿಗೆ ಆಮೆ ಬೇಕು. ಅಮ್ಮ ಏನೂ ಕೇಳಿಲ್ಲ, "ನೀವೆಲ್ಲಿ ಕರಕೊಂಡು ಹೋಗ್ತೀರೋ ಅಲ್ಲಿಗೆ" ಅಂತಾರೆ. ಅದೇ ನನಗೆ ಚಿಂತೆ. ಅವರು ದಿನವಿಡೀ ಕಾರಲ್ಲಿ ಕೂತು ಕಾಲು ಊದಿಸಿಕೊಂಡು ಬರೋ ಪ್ರವಾಸ ಆಗಬಾರದು.

ಅಲ್ಲಿ ಇರೋರು, ಹೋಗಿ ಬಂದೋರು ದಯವಿಟ್ಟು ಹೇಳಿ. ಏನನ್ನು ಬಿಡಬೇಕು, ಯಾವ ಕ್ರಮದಲ್ಲಿ ಹೋಗಬೇಕು? ಕಾರು ನಾವೇ ಓಡಿಸಬಹುದಾ?

ಮತ್ರಾ ದಡದವ:

ಅಕ್ಕಾ, ನಾನು ಮಸ್ಕತ್‌ನಲ್ಲೇ ಇರೋದು. ಕೆಲಸದ ಮೇಲೆ ಒಳನಾಡಿನ ರಸ್ತೆಗಳಲ್ಲಿ ಓಡಾಡುತ್ತಾ ಇರುತ್ತೇನೆ. ಊರಿಂದ ಬಂದವರಿಗೆ ಈ ದೇಶ ತೋರಿಸೋದು ಅಂದರೆ ನನಗೆ ಬಹಳ ಪ್ರೀತಿಯ ಕೆಲಸ, ಹಾಗಾಗಿ ಉದ್ದವಾಗಿಯೇ ಬರೀತೀನಿ.

ಮೊದಲು ಮುಸಂದಮ್ ಮತ್ತು ಸಲಾಲಾ ಎರಡನ್ನೂ ತೆಗೆಯಿರಿ. ಮುಸಂದಮ್ ಒಮಾನ್‌ನದೇ ಆದರೂ ನಡುವೆ ಯುಎಇ ಬರುತ್ತದೆ. ರಸ್ತೆಯಲ್ಲಿ ಹೋದರೆ ಗಡಿ ದಾಟಿ, ಮತ್ತೆ ಗಡಿ ದಾಟಿ ಒಳಗೆ ಬರಬೇಕು, ನಮ್ಮ ಪಾಸ್‌ಪೋರ್ಟ್‌ನವರಿಗೆ ಅದರ ವೀಸಾ ಬೇರೆ. ಸಲಾಲಾ ಮಸ್ಕತ್‌ನಿಂದ ಸುಮಾರು ಸಾವಿರ ಕಿಲೋಮೀಟರ್. ನೀವು ನೋಡಿದ ಆ ಹಸಿರು ಡಿಸೆಂಬರ್‌ನಲ್ಲಿ ಅಲ್ಲಿ ಇರೋದೂ ಇಲ್ಲ. ಅದನ್ನು ಅಲ್ಲಿ ಇದ್ದವರು ಯಾರಾದರೂ ಇನ್ನೂ ಚೆನ್ನಾಗಿ ಹೇಳಿಯಾರು.

ಉಳಿದದ್ದು ಒಂದು ಸುತ್ತು: ಮಸ್ಕತ್, ನಿಜ್ವಾ, ಮರುಭೂಮಿ, ಸೂರ್, ಕರಾವಳಿ ಹಿಡಿದು ವಾಪಸ್ ಮಸ್ಕತ್. ಎಂಟು ರಾತ್ರಿಗೆ ಇದು ಹದವಾದ ಸುತ್ತು. ಹೋದ ದಾರಿಯಲ್ಲೇ ತಿರುಗಿ ಬರಬೇಕಾಗಿಲ್ಲ. ಇದನ್ನು ಯೋಜಿಸುವಾಗ ನಕ್ಷೆಗಿಂತ ಮೊದಲು ಕ್ಯಾಲೆಂಡರ್ ಇಟ್ಟುಕೊಳ್ಳಿ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಬೆಳಿಗ್ಗೆ ಊರೆಲ್ಲ ಮುಚ್ಚಿರುತ್ತದೆ, ನಮಾಜ್ ಮುಗಿದ ಮೇಲೇ ಜೀವ ಬರೋದು. ಆದರೆ ನಿಜ್ವಾದಲ್ಲಿ ಮಾತ್ರ ಶುಕ್ರವಾರ ಬೆಳಿಗ್ಗೆಯೇ ವಾರದ ದೊಡ್ಡ ಹೊತ್ತು. ಸುಲ್ತಾನ್ ಖಾಬೂಸ್ ಗ್ರ್ಯಾಂಡ್ ಮಸೀದಿಯೊಳಗೆ ನಮ್ಮಂಥವರನ್ನು ಬಿಡೋದು ಶನಿವಾರದಿಂದ ಗುರುವಾರದವರೆಗೆ, ಬೆಳಿಗ್ಗೆ 8ರಿಂದ 11, ಅಷ್ಟೇ. ಈ ಎರಡನ್ನು ಮೊದಲು ಗಟ್ಟಿ ಮಾಡಿಕೊಂಡರೆ ಮಿಕ್ಕಿದ್ದು ತಾನಾಗಿ ಕೂತುಕೊಳ್ಳುತ್ತದೆ.

ಹಾಗಾಗಿ ಬುಧವಾರ ಬೆಳಿಗ್ಗೆ ಮಸೀದಿ. ಎಂಟಕ್ಕೇ ಹೋಗಿ, ಒಂಬತ್ತೂವರೆ ಆದರೆ ಬಸ್ಸುಗಟ್ಟಲೆ ಜನ ಬಂದಿಳಿಯುತ್ತಾರೆ. ಹೆಂಗಸರ ತಲೆ, ತೋಳು, ಕಾಲು ಪೂರ್ತಿ ಮುಚ್ಚಿರಬೇಕು. ಸೀರೆ, ಗಿಡ್ಡ ತೋಳಿನ ರವಿಕೆ ಆದರೆ ಬಾಗಿಲಲ್ಲೇ ನಿಲ್ಲಿಸಬಹುದು, ಅಮ್ಮನಿಗೆ ಉದ್ದ ತೋಳಿನ ಚೂಡಿದಾರ್, ತಲೆಗೆ ದುಪ್ಪಟ್ಟಾ ಇಟ್ಟುಕೊಳ್ಳಿ. ಯಜಮಾನರಿಗೂ ಮಗನಿಗೂ ಪೂರ್ತಿ ಪ್ಯಾಂಟ್. ಒಳಗಿನ ನೆಲಗಂಬಳಿ ಇರಾನ್‌ನಲ್ಲಿ ಕೈಯಲ್ಲಿ ನೇಯ್ದದ್ದು, ತೂಕ 21 ಟನ್. 2001ರಲ್ಲಿ ಮಸೀದಿ ತೆರೆದಾಗಿನಿಂದ ಅದು ಅಲ್ಲೇ ಹಾಸಿದೆ. ಅಂಗಳದ ಅಮೃತಶಿಲೆಯ ಮೇಲೆ ನಡಿಗೆ ಜಾಸ್ತಿ, ಆದರೆ ಸಮತಟ್ಟು. ಚಪ್ಪಲಿ ಬಿಚ್ಚಲು ಸುಲಭ ಇರಲಿ.

ಮಧ್ಯಾಹ್ನ ಮಲಗಿ. ನಿಜವಾಗಿ ಹೇಳ್ತಿದ್ದೀನಿ, ಇಲ್ಲಿ ಒಂದರಿಂದ ನಾಲ್ಕರವರೆಗೆ ಎಷ್ಟೋ ಅಂಗಡಿಗಳೇ ಮುಚ್ಚಿರುತ್ತವೆ. ಸಂಜೆ ಮತ್ರಾ ಕಡಲ ದಂಡೆ, ಹಿಂದೆಯೇ ಮತ್ರಾ ಸೂಕ್, ಅಂದರೆ ಹಳೇ ಪೇಟೆ. ಅಮ್ಮನಿಗೆ ದಂಡೆಯುದ್ದಕ್ಕೂ ಕೂರಲು ಬೆಂಚುಗಳಿವೆ, ಎದುರಿಗೆ ಬಂದರು, ಮೇಲೆ ಗುಡ್ಡದ ತುದಿಯಲ್ಲಿ ಕೋಟೆ. ಸೂಕ್‌ನಲ್ಲಿ ಲೋಬಾನ, ಬೆಳ್ಳಿ, ಕುಮ್ಮಾ ಟೋಪಿ, ಹಲ್ವಾ. ಅಂಗಡಿಯವರಲ್ಲಿ ಬಹಳ ಮಂದಿ ನಮ್ಮ ದೇಶದವರೇ, ಹಿಂದಿ ನಡೆಯುತ್ತದೆ. ಚೌಕಾಸಿ ಮಾಡಿ, ಆದರೆ ನಗುನಗುತ್ತಾ ಮಾಡಿ. ದನಿ ಏರಿಸಿದವರ ಜೊತೆ ಇಲ್ಲಿಯವರು ಮಾತನ್ನೇ ನಿಲ್ಲಿಸಿಬಿಡುತ್ತಾರೆ.

ಗುರುವಾರ ಬೆಳಿಗ್ಗೆ ನಿಜ್ವಾ ಕಡೆ ಹೊರಡಿ, ಸುಮಾರು 160 ಕಿಲೋಮೀಟರ್. ನೇರ ಹೋಗಬೇಡಿ, ದಾರಿಯಲ್ಲಿ ಬಿರ್ಕತ್ ಅಲ್ ಮೌಝ್‌ನಲ್ಲಿ ನಿಲ್ಲಿಸಿ. ಖರ್ಜೂರದ ತೋಟ, ಬಾಳೆ, ಮೇಲೆ ಗುಡ್ಡಕ್ಕೆ ಅಂಟಿಕೊಂಡ ಹಳೇ ಮಣ್ಣಿನ ಮನೆಗಳು. ಇಲ್ಲಿ ಫಲಜ್ ಅಲ್ ಖತ್ಮೈನ್ ನೋಡಬೇಕು. ಫಲಜ್ ಅಂದರೆ ಬೆಟ್ಟದ ಬುಡದಿಂದ ಇಳಿಜಾರಿನ ಬಲದಲ್ಲೇ ನೀರು ತರುವ ಕಾಲುವೆ, ಪಂಪು ಯಾವುದೂ ಇಲ್ಲ. ಒಮಾನ್‌ನ ಐದು ಫಲಜ್‌ಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಗೆ ಸೇರಿಸಿತು, ಅದರಲ್ಲಿ ಇದೂ ಒಂದು. ಒಂದು ಕಡೆ ಕಾಲುವೆ ಮೂರಾಗಿ ಒಡೆಯುತ್ತದೆ. ಬಗ್ಗಿ ನೋಡಿ, ಮೂರು ಕವಲಿಗೂ ಸಮ ಪಾಲು ಹೋಗುವ ಹಾಗೆ ಕಲ್ಲು ಕೂರಿಸಿದ್ದಾರೆ. ಊರಿನವರು ಮೊದಲು ಕುಡಿಯೋದಕ್ಕೆ, ಆಮೇಲೆ ಸ್ನಾನಕ್ಕೆ, ಕೊನೆಗೆ ತೋಟಕ್ಕೆ ಅಂತ ನೀರಿನ ಸರದಿ ಇಟ್ಟುಕೊಂಡಿದ್ದಾರೆ. ತೋಟದವರ ಪಾಲನ್ನು ಹೊತ್ತಿನ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಪಾಲು ಅಂದರೆ ಅರ್ಧ ಗಂಟೆ. ಹಿಂದೆ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಅಳೀತಿದ್ದರು. ಮರಳು, ಒಂಟೆಗಿಂತ ಈ ಕಾಲುವೆ ನೋಡಿದರೆ ಒಮಾನ್ ಏನು ಅಂತ ಜಾಸ್ತಿ ಗೊತ್ತಾಗುತ್ತದೆ ಅನ್ನೋದು ನನ್ನ ಅಭಿಪ್ರಾಯ. ಅಮ್ಮ ಕಾಲುವೆ ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಡಬಹುದು.

ಶುಕ್ರವಾರ ಬೆಳಿಗ್ಗೆ ಏಳಕ್ಕೆಲ್ಲ ನಿಜ್ವಾ ಜಾನುವಾರು ಸಂತೆಯಲ್ಲಿರಿ. ದುಂಡಗಿನ ಕಟ್ಟೆ, ಅದರ ಸುತ್ತ ಒಂದು ಹಾದಿ. ಮಾರುವವರು ಮೇಕೆ ಹಗ್ಗ ಹಿಡಿದು ಆ ಹಾದಿಯಲ್ಲಿ ಸುತ್ತು ಹಾಕುತ್ತಾ ಬೆಲೆ ಕೂಗುತ್ತಾರೆ. ಕೊಳ್ಳುವವರು ಎರಡೂ ಬದಿ ಕುಕ್ಕರಗಾಲಲ್ಲಿ ಕೂತು, ಹಾದುಹೋಗುವ ಮೇಕೆಯನ್ನು ತಡೆದು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಬೆನ್ನು ಒತ್ತಿ ನೋಡುತ್ತಾರೆ, ತಲೆ ಅಲ್ಲಾಡಿಸಿ ಬಿಟ್ಟುಬಿಡುತ್ತಾರೆ. ಮುಖಕ್ಕೆ ಬುರ್ಖಾ ಕವಚ ಹಾಕಿದ ಬೆಡೂಯಿನ್ ಹೆಂಗಸರೂ ಗಂಡಸರ ಸಮ ಕೂತು ಬೆಲೆ ಆಡುತ್ತಾರೆ. ಅವರ ಫೋಟೊ ಮಾತ್ರ ಕೇಳದೆ ತೆಗೆಯಬೇಡಿ. ಬಿಸಿಲೇರುವ ಹೊತ್ತಿಗೆ ಎಲ್ಲ ಖಾಲಿ. ಗುರುವಾರ ರಾತ್ರಿ ನಿಜ್ವಾದಲ್ಲೇ ಉಳಿಯಿರಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ, ಮಸ್ಕತ್‌ನಿಂದ ನಸುಕಿನಲ್ಲಿ ಅಮ್ಮನನ್ನು ಎಬ್ಬಿಸಿ ಓಡಿಸಿಕೊಂಡು ಬರೋದು ಬೇಡ.

ಪಕ್ಕದಲ್ಲೇ ಕೋಟೆ. 17ನೇ ಶತಮಾನದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ ದೊಡ್ಡ ದುಂಡು ಬುರುಜು. ಅದರ ಮೇಲಕ್ಕೆ ಕಡಿದಾದ ಮೆಟ್ಟಿಲು, ಅಮ್ಮನಿಗೆ ಬೇಡ. ಮಗನನ್ನು ಕಳಿಸಿ, ಮೆಟ್ಟಿಲ ಬಾಗಿಲುಗಳ ಮೇಲಿನ ಕಿಂಡಿಗಳನ್ನು ತೋರಿಸಿ. ನುಗ್ಗಿ ಬಂದ ಶತ್ರುವಿನ ಮೇಲೆ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದದ್ದು ಅಲ್ಲಿಂದ. ಕೆಳಗೆ ಖರ್ಜೂರದ ಕೋಣೆ ಇದೆ, ಅದನ್ನು ಅಮ್ಮನೂ ನೋಡಬಹುದು. ನೆಲದಲ್ಲಿ ಸಾಲು ಸಾಲು ಕಿರುಗಾಲುವೆ. ಮೂಟೆಗಳನ್ನು ಒಂದರ ಮೇಲೊಂದು ಒಟ್ಟಿದರೆ ಭಾರಕ್ಕೆ ಪಾಕ ತಾನೇ ಒಸರಿ ಆ ಸಾಲಲ್ಲಿ ಹರಿದು ಕೊಡದಲ್ಲಿ ಸೇರುತ್ತಿತ್ತು.

ಶನಿವಾರ ಬೆಟ್ಟ. ಎರಡು ಬೆಟ್ಟ ಬೇಡ, ಒಂದು ಸಾಕು, ಮತ್ತು ಅದು ಜೆಬೆಲ್ ಶಮ್ಸ್ ಆಗಲಿ. ಜೆಬೆಲ್ ಅಖ್ದರ್‌ನ ಸೊಗಸು ಗುಲಾಬಿ ಹೂ ಬಿಡುವ ಏಪ್ರಿಲ್‌ನಲ್ಲಿ, ದಾಳಿಂಬೆ ಕೀಳುವ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಅಲ್ಲಿನ ಹಳ್ಳಿಗಳನ್ನು ನಡೆದೇ ನೋಡಬೇಕು, ಪೂರಾ ಏರಿಳಿತ. ಜೆಬೆಲ್ ಶಮ್ಸ್‌ನಲ್ಲಿ ಹಾಗಲ್ಲ, ಕಾರಿಳಿದು ನಾಲ್ಕು ಹೆಜ್ಜೆಗೇ ಕಂದರ ಬಾಯಿ ತೆರೆದಿರುತ್ತದೆ, ಸುಮಾರು ಒಂದು ಕಿಲೋಮೀಟರ್ ಆಳ. ಅಂಚಿನಲ್ಲಿ ಮಗನ ಕೈ ಬಿಡಬೇಡಿ. ಸ್ವೆಟರ್ ಖಂಡಿತ ಇರಲಿ, ಆ ಎತ್ತರದಲ್ಲಿ ಡಿಸೆಂಬರ್ ಗಾಳಿ ಕೊರೆಯುತ್ತದೆ. ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟು ಬರಬೇಡಿ, ಕಡಿಮೆ ಗೇರಿನಲ್ಲಿ ಬನ್ನಿ.

ಭಾನುವಾರ ಬಿದಿಯಾ, ನಿಜ್ವಾದಿಂದ ಎರಡೂವರೆ ತಾಸಿನ ದಾರಿ. ವಹೀಬಾ ಮರಳಿನ ಬಾಗಿಲು ಅದು. ಮರಳಲ್ಲಿ ನೀವು ಓಡಿಸೋದು ಬೇಡ. ಬಿದಿಯಾದಲ್ಲಿ ಕಾರು ನಿಲ್ಲಿಸಿದರೆ ಕ್ಯಾಂಪಿನವರೇ ಫೋರ್ ವೀಲ್ ಡ್ರೈವ್ ಕಳಿಸುತ್ತಾರೆ, ಬುಕ್ ಮಾಡುವಾಗಲೇ ಕೇಳಿ ದರ ಮಾತಾಡಿಕೊಳ್ಳಿ. ದಿಬ್ಬ ಹತ್ತಿಸಿ ಧುಮುಕಿಸುವ ಸವಾರಿಗೆ ಅಮ್ಮನನ್ನು ಕೂರಿಸಬೇಡಿ, ಬೆನ್ನಿಗೆ ಪೆಟ್ಟು. "ನಿಧಾನ, ಅಮ್ಮ ಇದ್ದಾರೆ" ಅಂತ ಡ್ರೈವರ್‌ಗೆ ಮೊದಲೇ ಹೇಳಿದರೆ ಕೇಳುತ್ತಾರೆ, ಹಿರಿಯರ ವಿಷಯದಲ್ಲಿ ಇಲ್ಲಿಯವರು ಬಹಳ ಮರ್ಯಾದಸ್ಥರು.

ಸೋಮವಾರ ವಾದಿ ಬನಿ ಖಾಲಿದ್ (ವಾದಿ ಅಂದರೆ ಬೆಟ್ಟದ ನಡುವಿನ ಹಳ್ಳ, ಕಣಿವೆ) ಮುಗಿಸಿ ಆಮೆ ಬರುವ ದಡ ರಾಸ್ ಅಲ್ ಜಿನ್ಜ್. ಮಂಗಳವಾರ ಕರಾವಳಿ ಹೆದ್ದಾರಿಯಲ್ಲಿ ಸೂರ್, ಖಲ್ಹಾತ್, ನೆಲ ಕುಸಿದು ನೀರು ತುಂಬಿದ ಬಿಮ್ಮಾ ಗುಂಡಿ ನೋಡುತ್ತಾ ಮಸ್ಕತ್. ಸೂರ್‌ನಲ್ಲಿ ಮರದ ಹಡಗು ಕಟ್ಟುವ ಅಂಗಳಕ್ಕೆ ಹೋಗಿ. ಖಲ್ಹಾತ್‌ನಲ್ಲಿ ಈಗ ಉಳಿದಿರೋದು ಬೀಬಿ ಮರಿಯಂ ಗೋರಿ ಮತ್ತು ಪಾಯದ ಕಲ್ಲುಗಳು. ಆದರೆ ಅರಬ್ಬೀ ಕುದುರೆಗಳನ್ನು ನಮ್ಮ ದೇಶದ ಪಶ್ಚಿಮ ಕರಾವಳಿಗೆ ಹಡಗಿನಲ್ಲಿ ತುಂಬಿ ಕಳಿಸುತ್ತಿದ್ದ ಬಂದರು ಅದು, ಮಾರ್ಕೊ ಪೋಲೊ ಬರೆದಿಟ್ಟಿದ್ದಾನೆ. ಇಬ್ನ್ ಬತೂತಾ ಕೂಡ ಬಂದು ಹೋದ. 2018ರಲ್ಲಿ ಅದೂ ಯುನೆಸ್ಕೊ ಪಟ್ಟಿ ಸೇರಿತು. ನಮ್ಮ ಕಡೆಯವರು ಅದನ್ನು ದಾಟಿಕೊಂಡು ಸುಮ್ಮನೆ ಹೋಗಿಬಿಡೋದು ನೋಡಿದರೆ ನನಗೆ ಬೇಜಾರಾಗುತ್ತದೆ.

ಸಂಪಿಗೆ:

ಮೇಲಿನವರು ಹೇಳಿದ ಸುತ್ತಿನಲ್ಲೇ ನಾವೂ ಹೋಗಿದ್ದೆವು, ಚಳಿಗಾಲದಲ್ಲಿ, ನಮ್ಮ ಅತ್ತೆಯವರ ಜೊತೆ. ನೀರು ಮತ್ತು ಆಮೆ ವಿಷಯ ನಾನು ಸೇರಿಸ್ತೀನಿ.

ಯಾರಾದರೂ ವಾದಿ ಶಾಬ್ ಅಂತ ಹೇಳಿದರೆ ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಮೊದಲು ಚಿಕ್ಕ ದೋಣಿಯಲ್ಲಿ ಆಚೆ ದಡ, ಆಮೇಲೆ ಮುಕ್ಕಾಲು ಗಂಟೆ ಬಂಡೆ ಮೇಲೆ ನಡಿಗೆ, ಕೊನೆಗೆ ಈಜಿಕೊಂಡೇ ಗುಹೆಯೊಳಗೆ. ಚಂದದ ಜಾಗ, ಆದರೆ ಗಟ್ಟಿ ಕಾಲಿನವರಿಗೆ. ವಾದಿ ಬನಿ ಖಾಲಿದ್‌ನಲ್ಲಿ ಕಾರು ನಿಲ್ಲಿಸಿದಲ್ಲಿಂದ ಸ್ವಲ್ಪ ದೂರ ನಡೆದರೆ ಹಸಿರು ನೀರಿನ ಮಡು, ಕೂರೋಕೆ ಚಪ್ಪರ, ಊಟದ ಜಾಗ ಎಲ್ಲ ಇದೆ. ಅತ್ತೆ ನೀರಲ್ಲಿ ಕಾಲಿಟ್ಟು ಕೂತರು. ಸಣ್ಣ ಮೀನು ಬಂದು ಪಾದ ಕಚ್ಚೋಕೆ ಶುರು ಮಾಡಿದಾಗ ಮೊದಲು ಬೆಚ್ಚಿದರು, ಆಮೇಲೆ ಏಳೋಕೇ ಒಪ್ಪಲಿಲ್ಲ. ಈಜೋಕೆ ಟೀ ಶರ್ಟು, ಮಂಡಿ ಮುಚ್ಚುವ ಚಡ್ಡಿ ಇರಲಿ, ಈಜುಡುಗೆ ಮಾತ್ರ ಹಾಕಿಕೊಂಡು ಇಳಿಯೋದು ಅಲ್ಲಿ ಸರಿಯಲ್ಲ, ಊರವರ ತೋಟ ಪಕ್ಕದಲ್ಲೇ ಇದೆ. ಶುಕ್ರವಾರ, ಶನಿವಾರ ಜನಜಂಗುಳಿ. ನಿಮ್ಮದು ಸೋಮವಾರ, ಒಳ್ಳೇದಾಯ್ತು.

ಆಮೆ ಬಗ್ಗೆ ಮಗನಿಗೆ ಈಗಲೇ ಹೇಳಿಡಿ. ರಾಸ್ ಅಲ್ ಜಿನ್ಜ್‌ಗೆ ಹಸಿರಾಮೆಗಳು ವರ್ಷವಿಡೀ ಬರುತ್ತವೆ, ಆದರೆ ಹೆಚ್ಚು ಬರೋದು ಬೇಸಿಗೆಯ ತಿಂಗಳುಗಳಲ್ಲಿ. ಡಿಸೆಂಬರ್‌ನಲ್ಲಿ ಒಂದೋ ಎರಡೋ ಕಾಣಬಹುದು, ಕೆಲವು ರಾತ್ರಿ ಒಂದೂ ಇಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಒಮ್ಮೆ, ಬೆಳಕು ಹರಿಯುವ ಮುಂಚೆ ಒಮ್ಮೆ ಗೈಡ್ ಜೊತೆ ಕರೆದುಕೊಂಡು ಹೋಗುತ್ತಾರೆ. ಮೊದಲೇ ಬುಕ್ ಮಾಡಬೇಕು. ಅಲ್ಲೇ ಉಳಿದುಕೊಂಡರೆ ಎರಡು ಹೊತ್ತೂ ನೋಡುವ ಅವಕಾಶ. ದಡಕ್ಕೆ ಮರಳಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಕತ್ತಲ ನಡಿಗೆ. ಅಮ್ಮ ಮ್ಯೂಸಿಯಂನಲ್ಲೇ ಕೂತಿರಲಿ ಅಂತ ನನ್ನ ಸಲಹೆ.

ನಾವು ಬೆಳಗಿನ ಜಾವ ಹೋದಾಗ ಒಂದು ತಾಯಿ ಆಮೆ ಮೊಟ್ಟೆ ಇಟ್ಟು ಮುಗಿಸಿ ಗುಂಡಿ ಮುಚ್ಚುತ್ತಾ ಇತ್ತು. ಹಿಂಗಾಲಿನಿಂದ ಮರಳು ತಟ್ಟಿ ತಟ್ಟಿ ಗಟ್ಟಿ ಮಾಡುತ್ತದೆ, ಆಮೇಲೆ ಮುಂಗಾಲಿನಿಂದ ರಪ್ಪನೆ ಮರಳು ಎರಚುತ್ತದೆ, ಗುರುತು ಸಿಗಬಾರದು ಅಂತ. ನಡುನಡುವೆ ನಿಂತು ಉಸಿರು ಬಿಡೋ ಸದ್ದು ನಮಗೆ ಕೇಳುತ್ತಿತ್ತು. ಟಾರ್ಚ್ ಗೈಡ್ ಹತ್ತಿರ ಮಾತ್ರ, ಫ್ಲ್ಯಾಷ್ ಹಾಕೋ ಹಾಗಿಲ್ಲ. ಬೆಳಕು ಕಂಡರೆ ಆಮೆ ಮೊಟ್ಟೆ ಇಡದೆ ತಿರುಗಿ ಹೋಗಿಬಿಡುತ್ತದೆ, ಮರಿಗಳು ಸಮುದ್ರದ ದಿಕ್ಕು ತಪ್ಪುತ್ತವೆ. ಮಗನ ಕೈಯಿಂದ ಮೊಬೈಲ್ ಇಸಕೊಂಡೇ ಕಳಿಸಿ.

ಊಟ: ಮಸ್ಕತ್‌ನ ರುವಿ ಕಡೆ ಶುದ್ಧ ಸಸ್ಯಾಹಾರಿ ಹೋಟೆಲುಗಳೇ ಇವೆ. ಒಳನಾಡಿನಲ್ಲಿ "ಕಾಫಿ ಶಾಪ್" ಬೋರ್ಡಿನ ಚಿಕ್ಕ ಹೋಟೆಲುಗಳು ಪ್ರತಿ ಊರಲ್ಲೂ ಸಿಗುತ್ತವೆ, ನಡೆಸೋರು ಹೆಚ್ಚಾಗಿ ಮಲಯಾಳಿಗಳು. ದಾಲ್, ಚಪಾತಿ, ಕರಕ್ ಚಹಾಕ್ಕೆ ಬರ ಇಲ್ಲ. ಪರೋಟದ ಹಿಟ್ಟಿಗೆ ಕೆಲವರು ಮೊಟ್ಟೆ ಹಾಕುತ್ತಾರೆ, ಅಮ್ಮನಿಗಾಗಿ ಕೇಳಿಯೇ ತಗೊಳ್ಳಿ. ಬೇಳೆ ಸೂಪು ಕೂಡ ಕೋಳಿ ಸಾರಿನಲ್ಲಿ ಮಾಡಿರಬಹುದು. ಮರುಭೂಮಿ ಕ್ಯಾಂಪಿಗೆ ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ಬರೆದು ಕಳಿಸಿ. ಹಮ್ಮುಸ್, ಸಲಾಡ್, ಅನ್ನ, ರೊಟ್ಟಿ ಹೇಗೂ ಇರುತ್ತೆ. ನಿಜ್ವಾದ ಲುಲುನಲ್ಲಿ ಮೊಸರು, ಹಣ್ಣು, ನಮ್ಮ ತರಕಾರಿ ಎಲ್ಲ ಸಿಗುತ್ತದೆ, ಬೆಟ್ಟಕ್ಕೆ ಹೋಗೋ ದಿನ ಬುತ್ತಿ ಕಟ್ಟಿಕೊಳ್ಳಿ.

ಖರೀಫ್ ಹನಿ:

ಸಲಾಲಾದಲ್ಲಿ ನೌಕರಿ ಮಾಡಿಕೊಂಡಿದ್ದವಳು ನಾನು. ನಿಮ್ಮ ಯಜಮಾನರ ಆಸೆ ನ್ಯಾಯವಾದದ್ದೇ, ತಿಂಗಳು ಮಾತ್ರ ಬದಲಾಗಬೇಕು.

ಆ ಹಸಿರು ಖರೀಫ್‌ನದು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನ ತೇವದ ಗಾಳಿ ಸಲಾಲಾ ಸುತ್ತಿನ ಧೋಫಾರ್ ಬೆಟ್ಟಗಳಿಗೆ ಬಡಿದು ಮಂಜಾಗಿ, ತುಂತುರಾಗಿ ಇಳಿಯುತ್ತದೆ. ಜೋರು ಮಳೆ ಅಲ್ಲ, ಮುಖದ ಮೇಲೆ ಕೂರುವ ಹನಿ. ಮಸ್ಕತ್ 40 ಡಿಗ್ರಿ ದಾಟಿ ಕಾಯುತ್ತಿರುವಾಗ ಸಲಾಲಾದಲ್ಲಿ 25ರ ಆಸುಪಾಸು. ಇಡೀ ಕೊಲ್ಲಿ ದೇಶಗಳ ಜನ ಆ ಮಂಜಿಗಾಗಿ ಬರುತ್ತಾರೆ, ಹೋಟೆಲು ದುಬಾರಿಯಾಗುತ್ತದೆ, ಬೆಟ್ಟದ ರಸ್ತೆಯಲ್ಲಿ ಕಾರುಗಳ ಸಾಲು. ನನ್ನನ್ನು ಕೇಳಿದರೆ ಸೆಪ್ಟೆಂಬರ್‌ನ ಕೊನೆ ಭಾಗಕ್ಕೆ ಬನ್ನಿ. ಮಂಜು ಸರಿದು ಬಿಸಿಲು ಬಿದ್ದಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ವಾದಿ ದರ್ಬಾತ್‌ನಲ್ಲಿ ನೀರಿರುತ್ತದೆ, ಜನ ಕಡಿಮೆ.

ಡಿಸೆಂಬರ್ ಹೊತ್ತಿಗೆ ಬೆಟ್ಟ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕಡಲು ಮಾತ್ರ ಆಗಲೇ ಚಂದ, ಖರೀಫ್‌ನಲ್ಲಿ ಅಲೆಗಳ ಅಬ್ಬರಕ್ಕೆ ಇಳಿಯೋ ಹಾಗೇ ಇಲ್ಲ. ಬರೀ ಕಡಲು, ಲೋಬಾನದ ಮರ, ಸುಮ್ಹುರಮ್‌ನ ಹಳೇ ಬಂದರು ಸಾಕು ಅನ್ನೋರಿಗೆ ಚಳಿಗಾಲವೂ ಒಳ್ಳೆಯದೇ. ಆದರೆ ನಿಮ್ಮ ಎಂಟು ರಾತ್ರಿಯಲ್ಲಿ ಮೂರನ್ನು ಅದಕ್ಕೆ ಕೊಟ್ಟರೆ ನಿಜ್ವಾ, ಸೂರ್ ಎರಡೂ ಅರೆಬರೆ ಆಗುತ್ತವೆ. ಇನ್ನೊಮ್ಮೆ ಬನ್ನಿ, ವಿಮಾನದಲ್ಲಿ ನೇರ ಸಲಾಲಾಕ್ಕೇ ಬನ್ನಿ.

ಲೋಬಾನ ಮತ್ರಾದಲ್ಲೇ ಕೊಂಡುಕೊಳ್ಳಿ. ಹೊಜಾರಿ ಅಂತ ಕೇಳಿ. ತಿಳಿ ಹಸಿರು ಛಾಯೆಯ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುವ ಹರಳು ಒಳ್ಳೇದು. ಕಂದು ಬಣ್ಣದ, ತೊಗಟೆ ಚೂರು ಅಂಟಿದ್ದು ಕಡಿಮೆ ದರ್ಜೆ. ಧೋಫಾರ್‌ನಲ್ಲಿ ಮರದ ತೊಗಟೆಯನ್ನು ಅಲ್ಲಲ್ಲಿ ಕೆತ್ತಿ ಬಿಡುತ್ತಾರೆ. ಹಾಲಿನಂಥ ರಸ ಒಸರಿ, ವಾರಗಟ್ಟಲೆ ಒಣಗಿ ಹರಳಾದ ಮೇಲೆ ಕೆರೆದು ತೆಗೆಯುತ್ತಾರೆ. ಮೊದಲ ಸಲದ್ದನ್ನು ಚೆಲ್ಲಿ, ಆಮೇಲಿನ ಕೊಯ್ಲಿನದ್ದನ್ನೇ ಒಳ್ಳೆಯದು ಅಂತ ಇಡುತ್ತಾರೆ. ಅಮ್ಮ ದೇವರ ಮುಂದೆ ಧೂಪ ಹಾಕುವವರಾದರೆ ಇದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ.

ತುಳಸಿಕಟ್ಟೆ:

ನಿಮ್ಮೆಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಿನ್ನೆ ರಾತ್ರಿ ಇದನ್ನೆಲ್ಲ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಯಜಮಾನರು ಸಲಾಲಾ ಬಿಡೋಕೆ ಒಪ್ಪಿದರು. ಅಮ್ಮ ಮೊದಲ ಸಲ ಬಾಯಿಬಿಟ್ಟು "ಆ ಕಾಲುವೆ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ಇರೋಣ" ಅಂದರು. ಅವರ ತಂದೆ ತೋಟಕ್ಕೆ ನೀರು ಬಿಡುವ ಸರದಿಗೆ ರಾತ್ರಿ ಎದ್ದು ಹೋಗ್ತಿದ್ದರಂತೆ.

ಇನ್ನು ಕೆಲವು ಪ್ರಶ್ನೆ. ಕಾರು ಯಾವುದು ತಗೊಳ್ಳಬೇಕು, ಲೈಸೆನ್ಸ್‌ಗೆ ಏನು ಮಾಡಬೇಕು? ಯಜಮಾನರು ಬಲಬದಿಯಲ್ಲಿ ಯಾವತ್ತೂ ಓಡಿಸಿಲ್ಲ. ಅಮ್ಮನ ಮಾತ್ರೆಗಳನ್ನು ತರಬಹುದಾ? ವೀಸಾ, ದುಡ್ಡಿನ ವಿಷಯವೂ ಹೇಳಿ. ಆ ಕಡೆ ಮಳೆ ಬಂದು ವಾದಿ ಉಕ್ಕುತ್ತದೆ ಅಂತ ಓದಿದೆ, ಡಿಸೆಂಬರ್‌ನಲ್ಲಿ ಅದರ ಭಯ ಇದೆಯಾ?

ಮತ್ರಾ ದಡದವ:

ಅಮ್ಮ ಹಾಗಂದದ್ದು ಓದಿ ಬಹಳ ಖುಷಿಯಾಯಿತು ಅಕ್ಕಾ. ಹಾಗಿದ್ದರೆ ಶನಿವಾರ ಬೆಟ್ಟದಿಂದ ಇಳಿಯುವಾಗ ಮಿಸ್ಫತ್ ಅಲ್ ಅಬ್ರಿಯೀನ್ ಊರಿಗೂ ಹೋಗಿ, ಅಲ್ಲಿ ಫಲಜ್ ಮನೆಗಳ ಪಕ್ಕದಲ್ಲೇ ಹರಿಯುತ್ತದೆ. ಊರೊಳಗೆ ಮೆಟ್ಟಿಲು ಬಹಳ, ಹಾಗಾಗಿ ಅಮ್ಮ ಎಷ್ಟು ದೂರ ಬರಬಲ್ಲರೋ ಅಷ್ಟೇ. ಅಬ್ರಿಯೀನ್‌ನವರು ಇನ್ನೂ ಅಲ್ಲೇ ಬದುಕುತ್ತಿರುವ ಜನ, ಮನೆ ಬಾಗಿಲಲ್ಲಿ ಇಣುಕಬಾರದು.

ಕಾರು: ನಾಲ್ಕು ಜನ, ಸಾಮಾನು, ಬೆಟ್ಟ ಇರೋದರಿಂದ ಫೋರ್ ವೀಲ್ ಡ್ರೈವ್ ಎಸ್‌ಯುವಿ ತಗೊಳ್ಳಿ. ಜೆಬೆಲ್ ಅಖ್ದರ್‌ಗಾದರೆ ಬಿರ್ಕತ್ ಅಲ್ ಮೌಝ್ ಮೇಲಿನ ಚೆಕ್‌ಪೋಸ್ಟ್‌ನಲ್ಲಿ ಪೊಲೀಸರು ಗಾಡಿ ನೋಡಿಯೇ ಬಿಡೋದು, ಸಾದಾ ಕಾರು ವಾಪಸ್. ಜೆಬೆಲ್ ಶಮ್ಸ್‌ಗೆ ಅಂಥ ತಡೆ ಇಲ್ಲ, ಆದರೂ ಮೇಲಿನ ದಾರಿಗೆ ಅದೇ ಕ್ಷೇಮ. ಬಾಡಿಗೆ ಕಾಗದದಲ್ಲಿ ಮೂರು ಓದಿ: ದಿನಕ್ಕೆ ಎಷ್ಟು ಕಿಲೋಮೀಟರ್, ಅಪಘಾತವಾದರೆ ನಿಮ್ಮ ಕೈಯಿಂದ ಎಷ್ಟು, ಡಾಂಬರು ಬಿಟ್ಟು ಇಳಿದರೆ ವಿಮೆ ಉಂಟೋ ಇಲ್ಲವೋ. ಠೇವಣಿಗೆ ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಬೇಕು. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಬನ್ನಿ.

ರಸ್ತೆಗಳು ನುಣುಪು, ಹೆದ್ದಾರಿ ಮಿತಿ 120, ಕ್ಯಾಮೆರಾ ಎಲ್ಲ ಕಡೆ. ಯಜಮಾನರಿಗೆ ಕಷ್ಟ ಅನ್ನಿಸೋದು ವೃತ್ತಗಳಲ್ಲಿ. ಒಳಗೆ ಸುತ್ತುತ್ತಿರುವ ಗಾಡಿಗೇ ಮೊದಲ ಹಕ್ಕು, ನೀವು ಎಡಗಡೆ ನೋಡಿ ಕಾಯಬೇಕು. ಅದಕ್ಕೇ ಕಾರನ್ನು ಮಂಗಳವಾರ ವಿಮಾನ ನಿಲ್ದಾಣದಲ್ಲಿ ತಗೋಬೇಡಿ. ಬುಧವಾರ ಪೂರ್ತಿ ಟ್ಯಾಕ್ಸಿಯಲ್ಲೇ ಸುತ್ತಿ, ಪಕ್ಕದಲ್ಲಿ ಕೂತು ರಸ್ತೆ ಅಭ್ಯಾಸ ಮಾಡಿಕೊಳ್ಳಲಿ, ಗುರುವಾರ ಬೆಳಿಗ್ಗೆ ಕಾರು ತಗೊಳ್ಳಿ. ಆ ಹೊತ್ತಿಗೆ ರಸ್ತೆಯೂ ಖಾಲಿ ಇರಲಿ, ಕಚೇರಿಗೆ ಹೋಗುವವರ ನೂಕುನುಗ್ಗಲು ಮುಗಿದು ಒಂಬತ್ತೂವರೆ ಆದ ಮೇಲೆ ಹೊರಡಿ. ಕತ್ತಲಾದ ಮೇಲೆ ಬಿದಿಯಾ, ಸೂರ್ ಕಡೆ ಓಡಿಸಲೇಬೇಡಿ, ಒಂಟೆ ರಸ್ತೆಗೆ ಬರುತ್ತದೆ. ಅದರ ಕಾಲು ಉದ್ದ, ಗುದ್ದಿದರೆ ಇಡೀ ಮೈ ಗಾಜಿನ ಮೇಲೆ ಬೀಳುತ್ತದೆ.

ಮಾತ್ರೆ: ಬೇಕಾದಷ್ಟೇ, ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿ ಸಮೇತ ತನ್ನಿ. ಮಂಡಿನೋವಿಗೆ ಟ್ರಾಮಡಾಲ್, ಕೊಡೀನ್ ಇರುವ ಮಾತ್ರೆ ಬರೆದುಕೊಟ್ಟಿದ್ದರೆ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಿ, ಅವು ಇಲ್ಲಿ ನಿರ್ಬಂಧಿತ.

ವೀಸಾ ರಾಯಲ್ ಒಮಾನ್ ಪೊಲೀಸರ ಇ-ವೀಸಾ ತಾಣದಲ್ಲೇ ಮಾಡಿ, ಪಾಸ್‌ಪೋರ್ಟ್‌ಗೆ ಆರು ತಿಂಗಳು ಬಾಕಿ ಇರಲಿ. ಅಮೆರಿಕ, ಬ್ರಿಟನ್, ಶೆಂಗೆನ್ ವೀಸಾ ಯಾರಿಗಾದರೂ ಚಾಲ್ತಿಯಲ್ಲಿದ್ದರೆ ಅಂಥವರಿಗೆ ಬೇರೆ ರಿಯಾಯಿತಿ ಇದೆ, ಅರ್ಜಿ ಹಾಕುವ ದಿನ ಅದನ್ನೂ ನೋಡಿ. ಇಲ್ಲಿ ಒಂದು ರಿಯಾಲ್‌ಗೆ ಸಾವಿರ ಬೈಸಾ. ಬೆಲೆ ಚೀಟಿಯಲ್ಲಿ 1.500 ಅಂತ ಇದ್ದರೆ ಒಂದೂವರೆ ರಿಯಾಲ್. ರಿಯಾಲ್ ಡಾಲರ್‌ಗೆ ಕಟ್ಟಿದ ನಾಣ್ಯ, ಒಂದಕ್ಕೆ ಸುಮಾರು 2.60 ಡಾಲರ್, ಅಂದರೆ ಒಂದೊಂದು ರಿಯಾಲ್ ಕೂಡ ದೊಡ್ಡ ನೋಟು ಅಂತಲೇ ತಿಳಿದು ಖರ್ಚು ಮಾಡಿ. ಕಾಫಿ ಶಾಪ್, ಸೂಕ್‌ಗೆ ಚಿಲ್ಲರೆ ಇಟ್ಟುಕೊಳ್ಳಿ, ಮಿಕ್ಕ ಕಡೆ ಕಾರ್ಡ್ ನಡೆಯುತ್ತದೆ.

ಮಳೆ: ಡಿಸೆಂಬರ್‌ನಲ್ಲಿ ಅಪರೂಪ, ಆದರೆ ಬಂದಾಗ ಬೆಟ್ಟದ ಮೇಲೆ ಬರುತ್ತದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದಾಗಲೇ ಮೇಲಿನ ನೀರು ವಾದಿಯಲ್ಲಿ ಇಳಿದುಬರುತ್ತದೆ. ಬನಿ ಖಾಲಿದ್‌ಗೆ ಹೋಗುವ ಹಿಂದಿನ ದಿನ ಹವಾಮಾನ ನೋಡಿ, ಎಚ್ಚರಿಕೆ ಇದ್ದರೆ ಮರುಮಾತಿಲ್ಲದೆ ಬಿಟ್ಟುಬಿಡಿ. ರಸ್ತೆಗೆ ಅಡ್ಡ ನೀರು ಹರಿಯುತ್ತಿದ್ದರೆ ಸ್ಥಳೀಯರ ಗಾಡಿ ನುಗ್ಗಿ ಹೋದರೂ ನೀವು ನಿಲ್ಲಿಸಿ. ಹರಿಯುವ ವಾದಿ ದಾಟೋದು ಇಲ್ಲಿ ಅಪರಾಧ, ದಂಡ, ಜೈಲು ಎರಡೂ ಉಂಟು. ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ ನೀರು ಇಳಿಯುತ್ತದೆ, ಅಲ್ಲಿಯವರೆಗೆ ಹತ್ತಿರದ ಪೆಟ್ರೋಲ್ ಬಂಕ್‌ನಲ್ಲಿ ಕೂತಿರಿ. ತುರ್ತಿಗೆ 9999.

ಹೋಟೆಲುಗಳಲ್ಲಿ ಮೊದಲು ನಿಜ್ವಾದ ಗುರುವಾರದ ರಾತ್ರಿ ಬುಕ್ ಮಾಡಿ, ವಾರಾಂತ್ಯಕ್ಕೆ ಅಲ್ಲಿ ಕೋಣೆ ಬೇಗ ಖಾಲಿಯಾಗುತ್ತದೆ. ಸೂಕ್ ಹತ್ತಿರದ ಹಳೇ ಮನೆಗಳ ವಸತಿ ಚಂದ, ಆದರೆ ಎಷ್ಟೋ ಕಡೆ ಲಿಫ್ಟ್ ಇಲ್ಲ. ನೆಲಮಹಡಿ ಕೋಣೆ ಬೇಕು ಅಂತ ಬರೆದು, ಅವರಿಂದ ಉತ್ತರ ಬಂದ ಮೇಲೇ ದುಡ್ಡು ಕಟ್ಟಿ.